ಚೋಕ್ ಎಳೆದರೂ ಏಳದ ಎಂಜಿನ್

ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಕಾರ್ಬುರೇಟರ್ ನೋಡಿರೋದು ಲ್ಯಾಬಿನ ಕಟ್ ಸೆಕ್ಷನ್ ಮಾಡೆಲ್‌ನಲ್ಲಿ, ಇಲ್ಲ ಅಂದ್ರೆ ಪರೀಕ್ಷೆಯ ಹಿಂದಿನ ರಾತ್ರಿ ಬಿಡಿಸಿದ ಚಿತ್ರದಲ್ಲಿ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಎಲ್ಲ ಹೊಸ ಬೈಕು, ಸ್ಕೂಟರುಗಳಲ್ಲೂ ಫ್ಯೂಯೆಲ್ ಇಂಜೆಕ್ಷನ್ ಬಂತು. ಈಗ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುತ್ತಾರೆ. ಯಾವ ಸೆನ್ಸರ್ ಮುನಿಸಿಕೊಂಡಿದೆ ಅಂತ ಗಾಡಿಯೇ ಹೇಳುತ್ತದೆ.

ಗಾಡಿ ಏನೂ ಹೇಳದಿದ್ದರೆ? ಆಗ ನಾವೇ ಪ್ರಶ್ನೆ ಕೇಳಬೇಕು, ಸರಿಯಾದ ಕ್ರಮದಲ್ಲಿ ಕೇಳಬೇಕು. ಆ ಕ್ರಮವನ್ನು ಕಲಿಯಲು ಹಳೆಯ ಕಾರ್ಬುರೇಟರ್ ಕಾರಿನ ಕೋಲ್ಡ್ ಸ್ಟಾರ್ಟ್ ಸಮಸ್ಯೆಗಿಂತ ಒಳ್ಳೆಯ ಪಾಠ ಸಿಗೋದು ಕಷ್ಟ. ಇದರಲ್ಲಿ ನಮ್ಮ ಥರ್ಮೋಡೈನಮಿಕ್ಸ್ ಇದೆ, ಬರ್ನೂಲಿ ಇದ್ದಾನೆ, ಫಸ್ಟ್ ಇಯರ್‌ನ ಬೇಸಿಕ್ ಎಲೆಕ್ಟ್ರಿಕಲ್ ಕೂಡ ಇದೆ. ಜೊತೆಗೆ ಒಂದು ಗಡುವೂ ಇದೆ: ಬ್ಯಾಟರಿ ಸತ್ತುಹೋಗುವುದರೊಳಗೆ ಉತ್ತರ ಸಿಗಬೇಕು. ಒಂದೊಂದು ತಪ್ಪು ಊಹೆಗೂ ಬ್ಯಾಟರಿ ಬೆಲೆ ಕೊಡುತ್ತದೆ.

ಯಾಕೆ ಎಂಜಿಬಿ?

ನಾವು ಆರಿಸಿಕೊಂಡ ಕಾರು ಬ್ರಿಟನ್ನಿನ ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಮೊದಲ ವರ್ಷಗಳಲ್ಲಿ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ಎತ್ತಿದರೆ ಎಲ್ಲ ಭಾಗಗಳೂ ಕಣ್ಣಿಗೆ ಕಾಣುತ್ತವೆ.

ಇದಕ್ಕೂ ನಮಗೂ ಒಂದು ನೆಂಟಸ್ತನ ಇದೆ. ಎಂಜಿಬಿಯ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಕುಟುಂಬ. ಅಂದ್ರೆ ಲಂಡನ್ನಿನ ಶೋಕಿಯ ಕಾರೂ ನಮ್ಮೂರಿನ ಬಿಳಿ ಸರ್ಕಾರಿ ಕಾರೂ ದಾಯಾದಿಗಳು! ಆದರೆ ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಎಂಜಿನ್ ಅಷ್ಟೇನೂ ಹೆದರುವುದಿಲ್ಲ. ಇಂಗ್ಲೆಂಡಿನ ಜನವರಿಯಲ್ಲಿ 2 ಡಿಗ್ರಿ ಚಳಿ, ಗಾಳಿಯಲ್ಲಿ ತೇವ, ಮೂರು ವಾರದಿಂದ ನಿಂತ ಕಾರು. ನಿಜವಾದ ಪರೀಕ್ಷೆ ಅದು.

ಚಳಿ ಮಾಡುವ ಮೂರು ಕೆಲಸ

ಮೊದಲನೆಯದು, ಪೆಟ್ರೋಲ್ ಆವಿಯಾಗಲ್ಲ. ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಆವಿಯೂ ಗಾಳಿಯ ಜೊತೆ ಒಂದು ಹದದಲ್ಲಿ ಸೇರಿರಬೇಕು, ಹೆಚ್ಚುಕಡಿಮೆ 1.4ರಿಂದ 7.6 ಪರ್ಸೆಂಟ್ ಗಾತ್ರದಲ್ಲಿ. ಪೆಟ್ರೋಲ್ ಒಂದೇ ವಸ್ತುವೂ ಅಲ್ಲ. ಸುಮಾರು 30 ಡಿಗ್ರಿಗೇ ಕುದಿಯುವ ಹಗುರ ಅಂಶಗಳಿಂದ ಹಿಡಿದು 200 ಡಿಗ್ರಿ ಹತ್ತಿರ ಕುದಿಯುವ ಭಾರದ ಅಂಶಗಳವರೆಗೆ ಅದೊಂದು ಮಿಶ್ರಣ. ಚಳಿಯಲ್ಲಿ ಹಗುರ ಅಂಶ ಮಾತ್ರ ಆವಿಯಾಗುತ್ತದೆ. ಉಳಿದದ್ದು ಮ್ಯಾನಿಫೋಲ್ಡ್ ಗೋಡೆಗೆ ಅಂಟಿಕೊಂಡು ಒದ್ದೆ ಮಾಡುತ್ತದೆ, ಅಷ್ಟೇ.

ಇನ್ನೊಂದು ತೊಂದರೆ ನೋಡಿ. ಆವಿಯಾಗಲು ಪೆಟ್ರೋಲಿಗೆ ಶಾಖ ಬೇಕು, ಕೆಜಿಗೆ ಸುಮಾರು 350 ಕಿಲೋಜೂಲ್. ಆ ಶಾಖ ಬರೋದು ಒಳಗೆ ಬರುವ ಗಾಳಿಯಿಂದಲೇ. 14.7 ಕೆಜಿ ಗಾಳಿಗೆ 1 ಕೆಜಿ ಪೆಟ್ರೋಲ್ ಅಂತ ಇಟ್ಟುಕೊಂಡು ಎನರ್ಜಿ ಬ್ಯಾಲೆನ್ಸ್ ಬರೆಯಿರಿ. ಪೆಟ್ರೋಲ್ ಪೂರ್ತಿ ಆವಿಯಾದರೆ ಮಿಶ್ರಣದ ಉಷ್ಣಾಂಶ ಸುಮಾರು 20 ಡಿಗ್ರಿ ಇಳಿಯಬೇಕು. ಹೊರಗೆ 2 ಡಿಗ್ರಿ ಇದ್ದರೆ ಒಳಗೆ ಮೈನಸ್ 18! ಹಾಗಾಗಿ ಆವಿಯಾಗುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯದು, ಬ್ಯಾಟರಿ ಸೋಮಾರಿಯಾಗುತ್ತದೆ. ಲೆಡ್ ಆಸಿಡ್ ಬ್ಯಾಟರಿಯ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನ. ಮೈನಸ್ 18 ಡಿಗ್ರಿ ತಲುಪುವ ಹೊತ್ತಿಗೆ ಅದರ ಶಕ್ತಿ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ.

ಮೂರನೆಯದು, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಈ ಕಾರಿಗೆ ಹಾಕುವ 20ಡಬ್ಲ್ಯೂ-50 ಆಯಿಲ್ ಚಳಿಯಲ್ಲಿ ಬೆಲ್ಲದ ಪಾಕದ ಥರ. ಅಂದ್ರೆ ಬ್ಯಾಟರಿ ಕಡಿಮೆ ಕೊಡುವ ಹೊತ್ತಿನಲ್ಲೇ ಎಂಜಿನ್ ಹೆಚ್ಚು ಕೇಳುತ್ತದೆ.

ಈ ಮೂರೂ ಬೇರೆ ಬೇರೆ ಅಲ್ಲ, ಒಂದಕ್ಕೊಂದು ಕೈ ಹಿಡಿದುಕೊಂಡಿವೆ. ಎಂಜಿನ್ ನಿಧಾನಕ್ಕೆ ತಿರುಗಿದರೆ ಕಾರ್ಬುರೇಟರಿನಲ್ಲಿ ಗಾಳಿಯ ವೇಗ ಕಡಿಮೆ, ಸೆಳೆತ ಕಡಿಮೆ, ಪೆಟ್ರೋಲ್ ಕಡಿಮೆ. ಸ್ಪಾರ್ಕಿಗೂ ಪೆಟ್ಟು ಬೀಳುತ್ತದೆ. ಲೆಕ್ಕ ಹಾಕೋಣ. ಇಗ್ನಿಷನ್ ಕಾಯಿಲ್‌ನ ಪ್ರೈಮರಿ ರೆಸಿಸ್ಟೆನ್ಸ್ 3 ಓಮ್ ಅಂದುಕೊಳ್ಳಿ. 12 ವೋಲ್ಟ್ ಇದ್ದಾಗ 4 ಆಂಪಿಯರ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9 ವೋಲ್ಟಿಗೆ ಕುಸಿದರೆ 3 ಆಂಪಿಯರ್. ಕಾಯಿಲ್‌ನಲ್ಲಿ ಕೂಡಿಡುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿ ಇರುತ್ತದೆ. 16ಕ್ಕೆ 9, ಅಂದ್ರೆ 56 ಪರ್ಸೆಂಟ್ ಮಾತ್ರ. ವೋಲ್ಟೇಜ್ ಕಾಲು ಭಾಗ ಬಿದ್ದರೆ ಸ್ಪಾರ್ಕಿನ ಶಕ್ತಿ ಹತ್ತಿರ ಹತ್ತಿರ ಅರ್ಧ ಹೋಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚೋಕ್ ಅಂದ್ರೆ ನಿಜಕ್ಕೂ ಏನು?

"ಚೋಕ್ ಏನು ಮಾಡುತ್ತೆ?" ಅಂತ ವೈವಾದಲ್ಲಿ ಕೇಳಿದರೆ "ಮಿಕ್ಸ್ಚರ್ ರಿಚ್ ಮಾಡುತ್ತೆ ಸರ್" ಅನ್ನೋದು ಸಿದ್ಧ ಉತ್ತರ. ಯಾಕೆ ರಿಚ್ ಮಾಡಬೇಕು ಅಂದ್ರೆ ಅರ್ಧ ಕ್ಲಾಸ್ ಸುಮ್ಮನಾಗುತ್ತದೆ. ಉತ್ತರ ಮೇಲೆ ಬಂದಾಗಿದೆ: ಚಳಿಯಲ್ಲಿ ಹಾಕಿದ ಪೆಟ್ರೋಲಿನ ಒಂದು ಪಾಲು ಮಾತ್ರ ಆವಿಯಾಗುತ್ತದೆ. ಬೇಕಾದಷ್ಟು ಆವಿ ಸಿಗಬೇಕಾದರೆ ಕೆಲವು ಪಟ್ಟು ಹೆಚ್ಚು ಪೆಟ್ರೋಲ್ ಸುರಿಯಬೇಕು. ತುಂಬಾ ಚಳಿ ಇದ್ದರೆ ಗಾಳಿ-ಪೆಟ್ರೋಲ್ ಅನುಪಾತ 3:1ರ ಹತ್ತಿರಕ್ಕೂ ಹೋಗುತ್ತದೆ. ಸಿಲಿಂಡರಿನೊಳಗೆ ಆವಿಯ ಲೆಕ್ಕದಲ್ಲಿ ನೋಡಿದರೆ ಅದು ರಿಚ್ ಅಲ್ಲ, ಸರಿಯಾಗಿದೆ. ಚೋಕ್ ಶಾಖ ಕೊಡುವುದಿಲ್ಲ, ಹಗುರ ಅಂಶಗಳನ್ನು ಹೆಚ್ಚು ಒದಗಿಸುತ್ತದೆ.

ಈ ಕೆಲಸವನ್ನು ಬೇರೆ ಬೇರೆ ಕಾರ್ಬುರೇಟರುಗಳು ಬೇರೆ ಬೇರೆ ರೀತಿ ಮಾಡುತ್ತವೆ. ಇದು ಗೊತ್ತಿಲ್ಲದೆ ಎಲ್ಲ ಕಾರಿಗೂ ಒಂದೇ ಮಂತ್ರ ಹೇಳುವುದರಿಂದ ಅರ್ಧ ಸಮಸ್ಯೆ ಹುಟ್ಟುತ್ತದೆ.

ಮುಚ್ಚಳದ ಚೋಕ್: ನಮ್ಮ ಟೆಕ್ಸ್ಟ್‌ಬುಕ್ಕಿನ ಚಿತ್ರದಲ್ಲಿ ಇರೋದು ಇದು. ವೆಂಚುರಿಯ ಮೇಲೆ ಒಂದು ಫ್ಲಾಪ್. ಮುಚ್ಚಿದಾಗ ಗಾಳಿಯ ದಾರಿ ಕಟ್ಟುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಜೆಟ್‌ನಿಂದ ಪೆಟ್ರೋಲ್ ಜೋರಾಗಿ ಬರುತ್ತದೆ.

ವೆಬರ್ ಡಿಸಿಒಇ: ಲೋಟಸ್ ಎಲಾನ್, ಆಲ್ಫಾ ರೋಮಿಯೊ ಜೂಲಿಯಾ ತರಹದ ಕಾರುಗಳಲ್ಲಿ ಇದ್ದದ್ದು. ಇದರಲ್ಲಿ ಫ್ಲಾಪ್ ಇಲ್ಲ, ಸ್ಟಾರ್ಟಿಂಗ್‌ಗೆಂದೇ ಪ್ರತ್ಯೇಕ ಸಣ್ಣ ಸರ್ಕಿಟ್ ಇದೆ. ಅದು ಥ್ರಾಟಲ್‌ನ ಆಚೆಗೆ ಪೆಟ್ರೋಲ್ ಬಿಡುತ್ತದೆ. ಥ್ರಾಟಲ್ ಮುಚ್ಚಿದ್ದಾಗ ಮಾತ್ರ ಅದಕ್ಕೆ ಸೆಳೆತ ಸಿಗುತ್ತದೆ. ಚೋಕ್ ಎಳೆದು ಆಕ್ಸಿಲರೇಟರ್ ಒತ್ತಿದಿರೋ, ಚೋಕ್ ಸತ್ತ ಹಾಗೆ.

ಎಸ್‌ಯು: ನಮ್ಮ ಎಂಜಿಬಿಯದ್ದು. ಎಸ್‌ಯು ಅಂದ್ರೆ ಸ್ಕಿನ್ನರ್ಸ್ ಯೂನಿಯನ್. ಇದರಲ್ಲಿ ಗಾಳಿಯ ಸೆಳೆತಕ್ಕೆ ತಕ್ಕಂತೆ ಒಂದು ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಅದರ ಬುಡದಲ್ಲಿ ತುದಿ ಸಣ್ಣದಾಗುತ್ತಾ ಹೋಗುವ ಸೂಜಿ. ಸೂಜಿ ಜೆಟ್‌ನೊಳಗೆ ಇಳಿಬಿದ್ದಿರುತ್ತದೆ. ಸೂಜಿಗೂ ಜೆಟ್ಟಿಗೂ ನಡುವಿನ ಉಂಗುರದಂಥ ಸಂದಿಯಿಂದ ಪೆಟ್ರೋಲ್ ಬರುತ್ತದೆ. ಚೋಕ್ ಎಳೆದರೆ ಜೆಟ್ ಕೆಳಗೆ ಇಳಿಯುತ್ತದೆ. ಸೂಜಿಯ ಸಣ್ಣ ಭಾಗ ಜೆಟ್ಟಿನ ಬಾಯಿಗೆ ಬರುತ್ತದೆ, ಸಂದಿ ದೊಡ್ಡದಾಗುತ್ತದೆ. ಎಷ್ಟು ದೊಡ್ಡದು? ಎಚ್‌ಎಸ್4ರ ಜೆಟ್ ವ್ಯಾಸ 0.090 ಇಂಚು. ಸೂಜಿಯ ವ್ಯಾಸ 0.089ರಿಂದ 0.080ಕ್ಕೆ ಇಳಿಯಿತು ಅಂದುಕೊಳ್ಳಿ. ಎರಡು ವೃತ್ತಗಳ ವಿಸ್ತೀರ್ಣ ಕಳೆದು ನೋಡಿ: ಸಂದಿ ಒಂಬತ್ತು ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ. ಸೂಜಿ ಸವೆದದ್ದು ಹತ್ತರಲ್ಲಿ ಒಂದು ಪಾಲು, ಪೆಟ್ರೋಲಿನ ದಾರಿ ಒಂಬತ್ತು ಪಟ್ಟು!

ಇನ್ನೊಂದು ಮುಖ್ಯ ವಿಷಯ. ಎಸ್‌ಯುನಲ್ಲಿ ಆಕ್ಸಿಲರೇಟರ್ ಪಂಪ್ ಇಲ್ಲ. ವೆಬರ್ ಇರುವ ಕಾರಿನಲ್ಲಿ ಸೆಲ್ಫ್ ಹೊಡೆಯುವ ಮೊದಲು ಪೆಡಲ್ ಎರಡು ಸಲ ತುಳಿದರೆ ಪೆಟ್ರೋಲ್ ಚಿಮ್ಮುತ್ತದೆ. ಎಂಜಿಬಿಯಲ್ಲಿ ನೂರು ಸಲ ತುಳಿದರೂ ಒಂದು ಹನಿ ಬರಲ್ಲ, ಕಾಲು ನೋವು ಬರುತ್ತದೆ.

ಅಂದಹಾಗೆ, ನಮ್ಮ ಅಪ್ಪಂದಿರ ಕಾಲದಲ್ಲಿ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಆಮೇಲೆ ನೆಟ್ಟಗೆ ಮಾಡಿ ಕಿಕ್ ಹೊಡೆಯುತ್ತಿದ್ದರಲ್ಲ? ಅದರ ಹಿಂದೆಯೂ ಇದೇ ತತ್ವ. ವಾಲಿಸಿದಾಗ ಫ್ಲೋಟ್ ಬೌಲ್‌ನಿಂದ ಒಂದಿಷ್ಟು ಪೆಟ್ರೋಲ್ ಗಾಳಿಯ ದಾರಿಗೆ ಚೆಲ್ಲುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿನ ಕಾರ್ಬುರೇಟರ್ ಮೇಲೆ ಒಂದು ಪುಟ್ಟ ಗುಂಡಿ ಇರುತ್ತಿತ್ತು. ಅದನ್ನು ಒತ್ತಿದರೆ ಫ್ಲೋಟ್ ಕೆಳಗೆ ಹೋಗಿ ಪೆಟ್ರೋಲ್ ಮಟ್ಟ ಏರುತ್ತಿತ್ತು. ಫ್ಲಾಪ್, ಜೆಟ್, ಗುಂಡಿ, ವಾಲಿಸುವುದು: ದಾರಿ ನಾಲ್ಕು, ಊರು ಒಂದೇ.

"ಸ್ಟಾರ್ಟ್ ಆಗ್ತಿಲ್ಲ" ಅನ್ನೋದು ಒಂದು ಕಾಯಿಲೆ ಅಲ್ಲ

ಡಾಕ್ಟರ್ ಹತ್ತಿರ ಹೋಗಿ "ಹುಷಾರಿಲ್ಲ" ಅಂದ್ರೆ ಸಾಲದು, ಏನಾಗ್ತಿದೆ ಅಂತ ಹೇಳಬೇಕು. ಇಲ್ಲಿಯೂ ಹಾಗೆಯೇ. ನಾಲ್ಕು ದೂರುಗಳನ್ನು ಬೇರೆ ಮಾಡಿಕೊಳ್ಳಿ.

1. ಎಂಜಿನ್ ತಿರುಗುವುದೇ ಇಲ್ಲ, ಅಥವಾ ನರಳುತ್ತಾ ತಿರುಗುತ್ತದೆ. ಇದು ಬ್ಯಾಟರಿ, ಕೇಬಲ್, ಅರ್ಥ್‌ಗೆ ಸಂಬಂಧಿಸಿದ್ದು. ಕಾರ್ಬುರೇಟರ್ ಕಡೆ ತಿರುಗಿಯೂ ನೋಡಬೇಡಿ.

2. ಚೆನ್ನಾಗಿ ತಿರುಗುತ್ತದೆ, ಒಮ್ಮೆಯೂ ಕೆಮ್ಮುವುದಿಲ್ಲ. ಸ್ಪಾರ್ಕ್ ಇಲ್ಲ ಅಥವಾ ಪೆಟ್ರೋಲ್ ಇಲ್ಲ.

3. ಕೆಮ್ಮುತ್ತದೆ, ಒಂದೆರಡು ಸೆಕೆಂಡ್ ಓಡಿ ಸಾಯುತ್ತದೆ. ಸ್ಪಾರ್ಕೂ ಪೆಟ್ರೋಲೂ ಇವೆ, ಹದ ತಪ್ಪಿದೆ. ಚೋಕ್ ಲಿಂಕೇಜ್, ಫಾಸ್ಟ್ ಐಡಲ್, ಪೆಟ್ರೋಲ್ ಪೂರೈಕೆ ನೋಡಬೇಕು.

4. ಸ್ಟಾರ್ಟ್ ಆಗುತ್ತದೆ, ರಸ್ತೆಗೆ ಇಳಿದು ಆಕ್ಸಿಲರೇಟರ್ ಕೊಟ್ಟರೆ ಮುಗ್ಗರಿಸುತ್ತದೆ. ಇದು ಸ್ಟಾರ್ಟಿಂಗ್ ತೊಂದರೆಯೇ ಅಲ್ಲ. ಎಸ್‌ಯು ಪಿಸ್ಟನ್ ಮೇಲಿನ ಡ್ಯಾಂಪರ್‌ನಲ್ಲಿ ಆಯಿಲ್ ಮುಗಿದಿರಬಹುದು. ಆಯಿಲ್ ಇದ್ದರೆ ಪಿಸ್ಟನ್ ಮೇಲೇಳಲು ತುಸು ತಡ ಮಾಡುತ್ತದೆ, ಆ ಕ್ಷಣಕ್ಕೆ ಮಿಶ್ರಣ ರಿಚ್ ಆಗುತ್ತದೆ. ಆಕ್ಸಿಲರೇಟರ್ ಪಂಪ್ ಇಲ್ಲದ ಕೊರತೆಯನ್ನು ಎಸ್‌ಯು ತುಂಬಿಕೊಳ್ಳುವುದು ಹೀಗೆ.

ಇನ್ನೊಂದು ಸೂಕ್ಷ್ಮ ಲಕ್ಷಣ ಇದೆ. ಸೆಲ್ಫ್ ಹೊಡೆಯುತ್ತಿರುವಾಗ ಏನೂ ಇಲ್ಲ, ಕೀ ಬಿಟ್ಟ ಆ ಗಳಿಗೆಯಲ್ಲಿ ಎಂಜಿನ್ ಒಮ್ಮೆ ಹೊತ್ತಿಕೊಳ್ಳುತ್ತದೆ. ಯಾಕೆ? ಸೆಲ್ಫ್ ಮೋಟಾರ್ ಕರೆಂಟ್ ಎಲ್ಲ ನುಂಗುತ್ತಿತ್ತು, ಕೀ ಬಿಟ್ಟಾಗ ವೋಲ್ಟೇಜ್ ಮೇಲೆ ಬಂತು, ಕಾಯಿಲ್‌ಗೆ ಜೀವ ಬಂತು. ಮೇಲಿನ 56 ಪರ್ಸೆಂಟ್ ಲೆಕ್ಕ ಕಣ್ಣಮುಂದೆ ನಡೆಯುತ್ತಿದೆ. ಮದ್ದು ಬ್ಯಾಟರಿ, ಕೇಬಲ್ಲಿನಲ್ಲಿದೆ. ತದ್ವಿರುದ್ಧವಾಗಿ, ಸೆಲ್ಫ್ ಹೊಡೆಯುವಾಗ ಓಡಿ ಕೀ ಬಿಟ್ಟ ತಕ್ಷಣ ಸತ್ತರೆ? 1970ರ ದಶಕದ ನಡುವಿನ ನಂತರದ ಎಂಜಿಬಿಗಳಲ್ಲಿ ಕಾಯಿಲ್‌ಗೆ ಬಲ್ಲಾಸ್ಟ್ ರೆಸಿಸ್ಟೆನ್ಸ್ ಮೂಲಕ ಕರೆಂಟ್ ಬರುತ್ತದೆ, ಸ್ಟಾರ್ಟಿಂಗ್ ಹೊತ್ತಿನಲ್ಲಿ ಮಾತ್ರ ಅದನ್ನು ಬಿಟ್ಟು ನೇರವಾಗಿ ಬರುತ್ತದೆ. ಆ ರೆಸಿಸ್ಟೆನ್ಸ್ ತುಂಡಾಗಿದ್ದರೆ ಹೀಗಾಗುತ್ತದೆ.

ಹುಡುಕುವ ಕ್ರಮ

ಇಲ್ಲಿ ನಮ್ಮ ಸೂತ್ರ ಒಂದೇ: ಖರ್ಚಿಲ್ಲದ ಪರೀಕ್ಷೆ ಮೊದಲು, ಹಿಂದಕ್ಕೆ ತಿರುಗಿಸಲಾಗದ ಬದಲಾವಣೆ ಕೊನೆಗೆ. ಕಿವಿ, ಮೂಗು, ಕಣ್ಣಿಗೆ ಬ್ಯಾಟರಿ ಖರ್ಚಿಲ್ಲ. ಸೆಲ್ಫ್ ಹೊಡೆಯೋದು ದುಬಾರಿ. ಮಿಕ್ಸ್ಚರ್ ನಟ್ ತಿರುಗಿಸೋದು ಎಲ್ಲಕ್ಕಿಂತ ದುಬಾರಿ. ಯಾಕಂದ್ರೆ ಮೊದಲು ಎಲ್ಲಿತ್ತು ಅನ್ನೋದು ಕಳೆದುಹೋಗುತ್ತದೆ, ಒಂದು ಸಮಸ್ಯೆಯಿದ್ದ ಕಡೆ ಎರಡಾಗುತ್ತವೆ.

ಹೆಜ್ಜೆ 1: ಕೇಳಿಸಿಕೊಳ್ಳಿ. ಕೀ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಚಕ್ರದ ಹತ್ತಿರ ಇರುವ ಎಸ್‌ಯು ಎಲೆಕ್ಟ್ರಿಕ್ ಪಂಪ್ ಟಿಕ್ ಟಿಕ್ ಅನ್ನಬೇಕು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ, ಕೊನೆಗೆ ನಿಲ್ಲಬೇಕು. ನಿಂತರೆ ಎರಡೂ ಫ್ಲೋಟ್ ಬೌಲ್ ತುಂಬಿವೆ ಅಂತ ಅರ್ಥ. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟ್ ಇಲ್ಲ, ಅಥವಾ ಅದರ ಪಾಯಿಂಟ್‌ಗಳು ಅಂಟಿವೆ. ಟಿಕ್ ಟಿಕ್ ನಿಲ್ಲುವುದೇ ಇಲ್ಲ ಅಂದ್ರೆ ಟ್ಯಾಂಕ್ ಖಾಲಿ, ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಚೆಲ್ಲುತ್ತಿದೆ. ಹಲವು ವಾರ ನಿಂತ ಕಾರಿನಲ್ಲಿ ಬೌಲ್‌ನ ಪೆಟ್ರೋಲ್ ಆರಿಹೋಗಿರುತ್ತದೆ, ಉಳಿದಿದ್ದರೂ ಅದರ ಹಗುರ ಅಂಶ ಹಾರಿಹೋಗಿರುತ್ತದೆ. ಹಾಗಾಗಿ ಟಿಕ್ ಟಿಕ್ ನಿಲ್ಲುವವರೆಗೆ ಕಾಯುವುದು ಸ್ಟಾರ್ಟಿಂಗ್‌ನ ಮೊದಲ ಪಾಠ.

ಹೆಜ್ಜೆ 2: ಮೂಸಿ ನೋಡಿ, ಕಣ್ಣಾಡಿಸಿ. ಬಾನೆಟ್ ಎತ್ತಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ, ಬೌಲ್‌ನಿಂದ ತೊಟ್ಟಿಕ್ಕುತ್ತಿದ್ದರೆ ಕೀ ಆಫ್ ಮಾಡಿ, ಅಲ್ಲೇ ನಿಲ್ಲಿಸಿ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ, ಮೇಲೆ ಪೆಟ್ರೋಲ್, ಕೆಳಗೆ ಬಿಸಿ ಕಬ್ಬಿಣ. ಫ್ಲೋಟ್‌ನ ಸೂಜಿ ವಾಲ್ವ್‌ಗೆ ಕಸ ಸಿಕ್ಕಿಕೊಂಡರೆ ಹೀಗೆ ಉಕ್ಕುತ್ತದೆ. ಅದನ್ನು ಸರಿ ಮಾಡದೆ ಮುಂದೆ ಹೋಗುವ ಹಾಗೇ ಇಲ್ಲ.

ಹೆಜ್ಜೆ 3: ಚೋಕ್ ನಿಜವಾಗಿ ಕೆಲಸ ಮಾಡ್ತಿದೆಯಾ? ಒಬ್ಬರು ನಾಬ್ ಎಳೆಯಲಿ, ಇನ್ನೊಬ್ಬರು ಕಾರ್ಬುರೇಟರ್ ಕೆಳಗೆ ನೋಡಲಿ. ಮೊದಲ ಕಾಲು ಇಂಚು ಎಳೆತಕ್ಕೆ ಥ್ರಾಟಲ್ ಮಾತ್ರ ತುಸು ತೆರೆಯುತ್ತದೆ, ಇದು ಫಾಸ್ಟ್ ಐಡಲ್. ಆಮೇಲೆ ಎರಡೂ ಜೆಟ್‌ಗಳು ಒಟ್ಟಿಗೆ ಕೆಳಗಿಳಿಯಬೇಕು. ಕೇಬಲ್ ಜಾರಿದ್ದರೆ ನಾಬ್ ಪೂರ್ತಿ ಹೊರಗೆ ಬಂದಿರುತ್ತದೆ, ಜೆಟ್ ಮಾತ್ರ ಕದಲಿರುವುದಿಲ್ಲ. ಇದೇ ಹೊತ್ತಿಗೆ ಪಿಸ್ಟನ್ ಎತ್ತಿ ಬಿಡಿ. ಟಕ್ ಅಂತ ಬೀಳಬೇಕು, ಅಂಟಿಕೊಳ್ಳಬಾರದು.

ಹೆಜ್ಜೆ 4: ಬ್ಯಾಟರಿ ಮತ್ತು ಅರ್ಥ್. ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ತೀರಾ ಕೆಳಗೆ ಹೋಗಬಾರದು. ಮೊದಲ ಹನ್ನೆರಡು ವರ್ಷ ಈ ಕಾರಿಗೆ ಸೀಟಿನ ಹಿಂದೆ ಸೀರೀಸ್‌ನಲ್ಲಿ ಎರಡು 6 ವೋಲ್ಟ್ ಬ್ಯಾಟರಿ ಇದ್ದವು. ಅಂದ್ರೆ ಟರ್ಮಿನಲ್‌ಗಳು ಎರಡರಷ್ಟು, ತುಕ್ಕು ಹಿಡಿಯುವ ಜಾಗವೂ ಎರಡರಷ್ಟು. ಸೆಲ್ಫ್ ಮೋಟಾರ್ 200 ಆಂಪಿಯರ್ ಎಳೆಯುತ್ತಿದ್ದರೆ 0.01 ಓಮ್ ತುಕ್ಕೂ 2 ವೋಲ್ಟ್ ತಿಂದುಹಾಕುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಮಲ್ಟಿಮೀಟರ್ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿ ಕೆಟ್ಟಿದೆ. ಇದಕ್ಕೆ ಒಂದು ಮಜವಾದ ಸುಳಿವು ಇದೆ: ಎಂಜಿನ್‌ನ ಅರ್ಥ್ ಸ್ಟ್ರಾಪ್ ಕೆಟ್ಟಿದ್ದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಚೋಕ್ ಕೇಬಲ್ ಮೂಲಕ ಹರಿಯುತ್ತದೆ. ಆ ಕೇಬಲ್ ಬಿಸಿಯಾಗುತ್ತದೆ! ಕೇಬಲ್ ಮುಟ್ಟಿ ನೋಡಿದರೆ ಸರ್ಕಿಟ್ ಡಯಾಗ್ರಾಂ ಬೆರಳಿಗೆ ಅರ್ಥವಾಗುತ್ತದೆ.

ಹೆಜ್ಜೆ 5: ಸ್ಪಾರ್ಕ್. ಹಳೆಯ ಮೆಕ್ಯಾನಿಕ್‌ಗಳಲ್ಲಿ ಒಂದು ಮಾತಿದೆ: ಕಾರ್ಬುರೇಟರ್ ಕಾಯಿಲೆಗಳಲ್ಲಿ ಹೆಚ್ಚಿನವು ಕರೆಂಟಿನ ಕಾಯಿಲೆಗಳೇ. ಸಿಬಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ ಇರಬೇಕು, ಸ್ಪಾರ್ಕ್ ಪ್ಲಗ್ ಗ್ಯಾಪ್ ಸುಮಾರು 0.6 ಮಿಮೀ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗೆ ಒರೆಸಿ. ತೇವದ ಬೆಳಗಿನಲ್ಲಿ ಅದರೊಳಗೆ ಸಣ್ಣ ಹನಿಗಳು ಕೂತಿರುತ್ತವೆ, ಹೈ ವೋಲ್ಟೇಜ್‌ಗೆ ಪ್ಲಗ್‌ಗಿಂತ ಆ ನೀರಿನ ದಾರಿಯೇ ಸಲೀಸು. ಕತ್ತಲಲ್ಲಿ ಸೆಲ್ಫ್ ಹೊಡೆದು ನೋಡಿದರೆ ಕೇಬಲ್ಲಿನ ಬಿರುಕುಗಳಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಹೆಜ್ಜೆ 6: ಪ್ಲಗ್ ಬಿಚ್ಚಿ ಓದಿ. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ, ನಡುವೆ ಬ್ಯಾಟರಿಗೆ ಅರ್ಧ ನಿಮಿಷ ಬಿಡುವು ಕೊಡಿ. ಎರಡು ಮೂರು ಪ್ರಯತ್ನ ಸೋತ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಸ್ಪಾರ್ಕ್ ಇಲ್ಲ ಅಥವಾ ಓವರ್ ಆಗಿದೆ. ಓವರ್ ಆಗಿದ್ದರೆ ಪ್ಲಗ್ ಒಣಗಿಸಿ ಹಾಕಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಒಳಗನ್ನು ಒಣಗಿಸುತ್ತದೆ.

ಹೆಜ್ಜೆ 7: ಕಂಪ್ರೆಷನ್. ಇಷ್ಟೂ ಸರಿಯಿದ್ದರೆ ಮಾತ್ರ ಇಲ್ಲಿಗೆ. ವಾಲ್ವ್ ಕ್ಲಿಯರೆನ್ಸ್ ತಣ್ಣಗಿದ್ದಾಗ 0.38 ಮಿಮೀ. ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ.

ಮಿಕ್ಸ್ಚರ್ ನಟ್‌ಗೆ ಸ್ಪ್ಯಾನರ್ ಇಡೋದು ಈ ಏಳೂ ಆದ ಮೇಲೆ. ನೆನ್ನೆ ಬಿಸಿ ಎಂಜಿನ್ ಚೆನ್ನಾಗಿ ಓಡಿದ್ದರೆ ಇವತ್ತು ಬೆಳಗ್ಗೆ ಆ ನಟ್ ತಾನಾಗಿ ತಿರುಗಿರಲು ಸಾಧ್ಯವೇ ಇಲ್ಲ.

ಒಂದು ಸಮಸ್ಯೆ, ನೀವೇ ಬಿಡಿಸಿ

1968ರ ಒಂದು ಎಂಜಿಬಿ ಇದೆ ಅಂತ ಇಟ್ಟುಕೊಳ್ಳೋಣ. ಮೂರು ವಾರ ನಿಂತಿದೆ. ಹೊರಗೆ 2 ಡಿಗ್ರಿ. ಪಂಪ್ ಟಿಕ್ ಟಿಕ್ ಅಂದು ನಿಂತಿತು. ಸೆಲ್ಫ್ ಜೋರಾಗಿಯೇ ತಿರುಗುತ್ತದೆ. ಎಂಜಿನ್ ಕೆಮ್ಮುತ್ತದೆ, ಹಿಡಿದುಕೊಳ್ಳುವುದಿಲ್ಲ. ಪ್ಲಗ್ ಬಿಚ್ಚಿದರೆ ಮುಂದಿನ ಎರಡು, ಅಂದ್ರೆ 1 ಮತ್ತು 2 ಒದ್ದೆ. 3 ಮತ್ತು 4 ಒಣಗಿವೆ. ತಪ್ಪು ಎಲ್ಲಿದೆ?

ಇಲ್ಲಿ ಒಂದು ನಿಮಿಷ ಓದು ನಿಲ್ಲಿಸಿ ಯೋಚಿಸಿ.

ಬ್ಯಾಟರಿ ಸರಿಯಿದೆ, ಸೆಲ್ಫ್ ಜೋರಾಗಿದೆ. ಪಂಪ್ ಸರಿಯಿದೆ, ಸದ್ದು ನಿಂತಿತು. ಕಾಯಿಲ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರ್ ಸಾಯಬೇಕಿತ್ತು, ಕೆಮ್ಮು ಬರುತ್ತಿರಲಿಲ್ಲ. ಹಾಗಾದರೆ ಎರಡೆರಡಾಗಿ ಒಡೆಯುವ ವಸ್ತು ಯಾವುದು? ಕಾರ್ಬುರೇಟರ್! ಮುಂದಿನದು 1, 2ಕ್ಕೆ, ಹಿಂದಿನದು 3, 4ಕ್ಕೆ ಪೆಟ್ರೋಲ್ ಕೊಡುತ್ತದೆ. ಪಂಪ್ ನಿಂತದ್ದರಿಂದ ಹಿಂದಿನ ಬೌಲ್‌ಗೂ ಪೆಟ್ರೋಲ್ ಬಂದಿರುವ ಸಾಧ್ಯತೆ ಹೆಚ್ಚು. ಉಳಿದ ದೊಡ್ಡ ಅನುಮಾನ, ಹಿಂದಿನ ಜೆಟ್ ಚೋಕ್ ಎಳೆದಾಗ ಇಳಿಯುತ್ತಿಲ್ಲ. ಎರಡೂ ಕಾರ್ಬುರೇಟರನ್ನು ಜೋಡಿಸುವ ಚೋಕ್ ಕಂಬಿಯ ಕ್ಲಾಂಪ್ ಬೋಲ್ಟ್ ಸಡಿಲವಾಗಿದ್ದರೆ ಹೀಗಾಗುತ್ತದೆ. ಬಿಸಿ ಎಂಜಿನ್‌ಗೆ ಚೋಕ್ ಬೇಡ, ಹಾಗಾಗಿ ಹಗಲಿಡೀ ಕಾರು ಚೆನ್ನಾಗಿಯೇ ಓಡುತ್ತದೆ. ಜೆಟ್ ಇಳಿಯುತ್ತಿದ್ದರೆ ಹಿಂದಿನ ಬೌಲ್‌ನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಅಂತ ನೋಡಬೇಕು, ಅಲ್ಲಿನ ಸೂಜಿ ವಾಲ್ವ್ ಮುಚ್ಚಿದ ಸ್ಥಿತಿಯಲ್ಲೇ ಅಂಟಿರಲೂಬಹುದು.

ಈ ಕಾರಿಗೆ ಬೇಕಾದದ್ದು ಒಂದು ಬೋಲ್ಟ್ ಬಿಗಿ ಮಾಡುವುದು. ಹೆಜ್ಜೆ 3ನ್ನು ಮೊದಲೇ ಮಾಡಿದ್ದರೆ ಪ್ಲಗ್ ಬಿಚ್ಚುವ ಕೆಲಸವೂ ಇರುತ್ತಿರಲಿಲ್ಲ. ಊಹೆಯ ಮೇಲೆ ನಡೆದಿದ್ದರೆ ಹೊಸ ಪ್ಲಗ್, ಹೊಸ ಕಾಯಿಲ್, ಹೊಸ ಪಂಪ್ ಎಲ್ಲ ಬಂದು, ಕಾರು ಮಾತ್ರ ಅಲ್ಲೇ ನಿಂತಿರುತ್ತಿತ್ತು.

ಮಾಡಬಾರದ ಕೆಲವು

ಸ್ಪಾರ್ಕ್ ಪರೀಕ್ಷೆಯನ್ನೂ ಪೆಟ್ರೋಲ್ ಪರೀಕ್ಷೆಯನ್ನೂ ಒಟ್ಟಿಗೆ ಮಾಡಬೇಡಿ. ಪ್ಲಗ್ ಹೊರಗಿಟ್ಟು ಕಿಡಿ ನೋಡುವಾಗ ಹತ್ತಿರ ಪೆಟ್ರೋಲ್ ಹನಿಯೂ ಇರಬಾರದು, ಪ್ಲಗ್ ಹಿಡಿಯಲು ಇನ್ಸುಲೇಷನ್ ಇರುವ ಪ್ಲೈಯರ್ ಬಳಸಿ, ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗುವಂತಿರಲಿ.

ಸ್ಟಾರ್ಟ್ ಆದ ಮೇಲೆ ಚೋಕ್ ಎಳೆದೇ ಬಿಡಬೇಡಿ. ಆವಿಯಾಗದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಗೋಡೆ ಸವೆಯುತ್ತದೆ, ಸಂಪ್‌ನ ಆಯಿಲ್ ತೆಳುವಾಗುತ್ತದೆ. ಎಂಜಿನ್ ಬಿಸಿಯಾಗುತ್ತಾ ಹೋದ ಹಾಗೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಭಾಗ ಒಟ್ಟಿಗೆ ಬದಲಾಯಿಸಿ ಕಾರು ಸ್ಟಾರ್ಟ್ ಆಯಿತು ಅಂದ್ರೆ ಕಾರು ಸರಿಯಾಯಿತು, ಕಲಿತದ್ದು ಸೊನ್ನೆ.

ಈಗಿನ ಪೆಟ್ರೋಲ್, ಆಗಿನ ಎಂಜಿನ್

2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ 10 ಪರ್ಸೆಂಟ್‌ವರೆಗೆ ಎಥೆನಾಲ್ ಇದೆ. ನಮ್ಮಲ್ಲಿ ಈಗ 20. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದೇ ಜೆಟ್, ಅದೇ ಸೂಜಿ ಇಟ್ಟುಕೊಂಡ ಎಂಜಿನ್ ತುಸು ಲೀನ್ ಆಗಿ ಓಡುತ್ತದೆ. ಆವಿಯಾಗಲು ಎಥೆನಾಲ್ ಪೆಟ್ರೋಲಿನ ಸುಮಾರು ಎರಡೂವರೆ ಪಟ್ಟು ಶಾಖ ಬೇಡುತ್ತದೆ. ನೀರನ್ನೂ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ, ಹೊಂದಿಸಬೇಕಾದವರು ನಾವು.

ಇನ್ನು ನಿಮ್ಮ ಸರದಿ

ಕ್ಯಾಂಪಸ್ಸಿನ ಪಾರ್ಕಿಂಗ್‌ನಲ್ಲಿ ಎಂಜಿಬಿ ಸಿಗಲ್ಲ, ಆದರೆ ಚೋಕ್ ಇರುವ ಹಳೆಯ ಬೈಕು ಹುಡುಕಿದರೆ ಸಿಗುತ್ತದೆ. ಅದರ ಯಜಮಾನರನ್ನು ಕೇಳಿಕೊಂಡು ಬೆಳಗ್ಗೆ ಒಮ್ಮೆ ನೋಡಿ. ಚೋಕ್ ಎಳೆದಾಗ ಒಳಗೆ ಏನು ಚಲಿಸುತ್ತದೆ? ಫ್ಲಾಪೋ, ಬೇರೆ ಸರ್ಕಿಟ್ಟೋ? ಎಷ್ಟು ಹೊತ್ತಿಗೆ ಚೋಕ್ ತೆಗೆದರೆ ಎಂಜಿನ್ ಸಾಯುವುದಿಲ್ಲ? ಬರೆದಿಟ್ಟುಕೊಳ್ಳಿ.

ಮುಂದಿನ ವೈವಾಗೆ ಮೂರು ಪ್ರಶ್ನೆ:

1. ವೆಬರ್ ಡಿಸಿಒಇ ಇರುವ ಕಾರಿನಲ್ಲಿ ಚೋಕ್ ಎಳೆದು ಆಕ್ಸಿಲರೇಟರ್ ಒತ್ತಿದರೆ ಯಾಕೆ ಸ್ಟಾರ್ಟ್ ಆಗುವುದಿಲ್ಲ?
2. ಬ್ಯಾಟರಿ 12ರಿಂದ 8 ವೋಲ್ಟಿಗೆ ಕುಸಿದರೆ ಕಾಯಿಲ್‌ನಲ್ಲಿ ಎಷ್ಟು ಪರ್ಸೆಂಟ್ ಶಕ್ತಿ ಉಳಿಯುತ್ತದೆ?
3. ಮೇಲಿನ 1968ರ ಕಾರಿನಲ್ಲಿ ಒದ್ದೆಯಾಗಿದ್ದದ್ದು 1 ಮತ್ತು 4, ಒಣಗಿದ್ದದ್ದು 2 ಮತ್ತು 3 ಆಗಿದ್ದರೆ ಚೋಕ್ ಲಿಂಕೇಜ್ ಮೇಲೆ ಅನುಮಾನ ಪಡುತ್ತಿದ್ದಿರಾ? ಯಾಕೆ?

ಮೂರನೆಯದಕ್ಕೆ ಸ್ಕ್ಯಾನರ್ ಇಲ್ಲದೆ ಉತ್ತರ ಕೊಟ್ಟವರು ಮುಂದೆ ಸ್ಕ್ಯಾನರ್ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ ಅನ್ನೋದು ನಮ್ಮ ನಂಬಿಕೆ. ಉತ್ತರಗಳನ್ನು ಕಾರಣ ಸಮೇತ ಕ್ಲಬ್ಬಿಗೆ ಕಳಿಸಿ.